ಹೆಬ್ಬೆರಳಿನ ಸನ್ನೆ

ಕಬ್ಬಿನ ಗದ್ದೆಗೆ ಬೆಂಕಿ ಕೊಟ್ಟ ಭಾನುವಾರ ಸಾಂತಾ ಉರ್ಸುಲಾ ಊರಿನ ಬೇಸ್‌ಬಾಲ್ ಮೈದಾನದ ಮೇಲೆ ಕಪ್ಪು ಬೂದಿ ಉದುರುತ್ತದೆ. ಗಾಳಿ ಇರುವುದಿಲ್ಲ, ಅವಸರವೂ ಇರುವುದಿಲ್ಲ. ಎಳೆ ಎಳೆಯಾಗಿ ಇಳಿದು ಆಟಗಾರರ ಟೋಪಿಯ ಮೇಲೆ, ಯಾನಿಕೇಕೆ ರೊಟ್ಟಿ ಕರಿಯುವವಳ ಬಾಣಲೆಯೊಳಗೆ, ಬ್ಯಾಟರನ ಮುಂದೆ ನೆಲಕ್ಕೆ ಹುದುಗಿಸಿದ ಬಿಳಿ ಪ್ಲೇಟಿನ ಮೇಲೆ ಕೂರುತ್ತದೆ. ಅಂಪೈರನಾದವನು ಜೇಬಿನಿಂದ ಬ್ರಷ್ ತೆಗೆದು, ಚೆಂಡೆಸೆಯುವ ಪಿಚರನಿಗೆ ಬೆನ್ನು ಹಾಕಿ ಬಗ್ಗಿ, ಪ್ಲೇಟು ಗುಡಿಸಬೇಕು. ಗುಡಿಸಿ ಏಳುವಷ್ಟರಲ್ಲಿ ಇನ್ನೆರಡು ಎಳೆ ಬಿದ್ದಿರುತ್ತವೆ. ನನಗೆ ಇದರಲ್ಲಿ ಬೇಸರವಿಲ್ಲ. ನಾನು ಬಗ್ಗಿರುವಷ್ಟು ಹೊತ್ತು ಇಡೀ ಊರು ಸುಮ್ಮನೆ ಕಾಯುತ್ತದೆ. ನನ್ನ ಹೆಂಡತಿ ಕೂಡ ನನಗಾಗಿ ಅಷ್ಟು ಕಾದವಳಲ್ಲ.

ನನ್ನ ಹೆಸರು ಲಿಬ್ರಾದೊ. ವಾರವೆಲ್ಲ ಸಕ್ಕರೆ ಮಿಲ್ಲಿನಲ್ಲಿ ಕಬ್ಬಿನ ಬಂಡಿ ತೂಗುತ್ತೇನೆ, ಭಾನುವಾರ ಮಿಲ್ಲುಗಳ ಲೀಗಿನಲ್ಲಿ ಅಂಪೈರ್ ಆಗಿ ನಿಲ್ಲುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ಬಾಳು. ಜನ ನನ್ನನ್ನು ‘ಬೆರಳು ಲಿಬ್ರಾದೊ’ ಎನ್ನುತ್ತಾರೆ. ಯಾವನೋ ಪಿಚರ್ ಬೇಕೆಂದೇ ಬ್ಯಾಟರನ ಮೈಗೆ ಚೆಂಡು ಹೊಡೆದ ಎಂಬ ಗುಮಾನಿ ಬಂದರೆ ಸಾಕು, ಎರಡೂ ತಂಡಗಳ ಕಡೆಗೆ ಬೆರಳು ತೋರಿಸಿಬಿಡುತ್ತೇನೆ. ಅದು ಎಚ್ಚರಿಕೆ. ಅದಾದ ಮೇಲೆ ಯಾರು ಹೊಡೆದರೂ ಪಿಚರ್ ಹೊರಗೆ, ಅವನ ಮ್ಯಾನೇಜರ್ ಹೊರಗೆ. ನಮ್ಮ ಲೀಗಿನಲ್ಲಿ ಇನ್ನೂ ಒಂದು ಕಟ್ಟಳೆ ಉಂಟು. ಬೇಕೆಂದೇ ಹೊಡೆದವನು ಎಂದು ತೀರ್ಮಾನವಾದ ಪಿಚರ್ ಬದುಕಿರುವ ತನಕ ಯಾವ ಮಿಲ್ಲಿನ ಮೈದಾನಕ್ಕೂ ಕಾಲಿಡುವಂತಿಲ್ಲ. ಆಡುವುದಿರಲಿ, ಕೂತು ನೋಡುವುದಕ್ಕೂ ಇಲ್ಲ.

ಆ ಕಟ್ಟಳೆ ಬಂದದ್ದು ಒಲೆಗಾರಿಯೊನಿಂದ. ಬಲಗಡೆಯ ಗೋಡೆಯಾಚೆ ಕಬ್ಬಿನ ರೈಲಿನ ಹಳಿ ಇದೆ. ಭಾನುವಾರ ಖಾಲಿ ಬಂಡಿಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ. ಅದರಲ್ಲೊಂದರ ಮೇಲೆ ಹುಲ್ಲಿನ ಟೋಪಿ ಹಾಕಿಕೊಂಡು, ಪಕ್ಕದಲ್ಲಿ ರೇಡಿಯೊ ಇಟ್ಟುಕೊಂಡು ಒಬ್ಬ ಕೂತಿರುತ್ತಾನಲ್ಲ, ಅವನೇ. ಇಪ್ಪತ್ತಮೂರು ವರ್ಷದಿಂದ ಅಲ್ಲೇ ಕೂರುತ್ತಾನೆ. ಬಂಡಿ ಮೈದಾನದ ಹೊರಗಿದೆ, ಹಾಗಾಗಿ ಯಾರೂ ಏನೂ ಅನ್ನುವಂತಿಲ್ಲ. ಈಚೆಗೆ ನಾಲ್ಕು ವರ್ಷದಿಂದ ಅವನು ನೋಡುವುದು ಮಗನನ್ನು. ಮಗ ನೆಫ್ತಾಲಿ ಈಗ ಸಾಂತಾ ಉರ್ಸುಲಾದ ಪಿಚರ್.

ಆ ಮಗನಿಗೆ ನಾನು ಪದ್ರೀನೊ. ಹತ್ತು ತಿಂಗಳ ಕೂಸಾಗಿದ್ದಾಗ ಇಗರ್ಜಿಯಲ್ಲಿ ಜ್ಞಾನಸ್ನಾನಕ್ಕೆ ಅವನನ್ನು ಎತ್ತಿ ಹಿಡಿದವನು ನಾನು. ಅಂದರೆ ಒಲೆಗಾರಿಯೊ ನನಗೆ ಕಂಪಾದ್ರೆ, ಒಡಹುಟ್ಟಿದವನಿಗಿಂತ ಒಂದು ಕೈ ಹೆಚ್ಚು. ಆಗ ಸಾಂತಾ ಉರ್ಸುಲಾ ತಂಡಕ್ಕೆ ಅವನು ಪಿಚರ್, ನಾನು ಕ್ಯಾಚರ್. ಅವನು ದಿಬ್ಬದ ಮೇಲಿಂದ ಎಸೆಯುವುದು, ನಾನು ಪ್ಲೇಟಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಎರಡು ತೊಡೆಗಳ ನಡುವೆ ಬೆರಳಾಡಿಸಿ, ಮುಂದಿನ ಚೆಂಡು ಯಾವುದೆಂದು ಸನ್ನೆ ಮಾಡುವುದು. ಒಂದು ಬೆರಳೆಂದರೆ ವೇಗದ್ದು, ಎರಡೆಂದರೆ ತಿರುಗುವುದು. ಇವು ಎಲ್ಲರಿಗೂ ಗೊತ್ತಿದ್ದವು. ಇವಲ್ಲದೆ ನಾನೇ ಒಂದು ಸನ್ನೆ ಕಟ್ಟಿದ್ದೆ. ಹೆಬ್ಬೆರಳಿನಿಂದ ಒಳತೊಡೆಗೆ ಎರಡು ಸಲ ತಟ್ಟಿ ಮುಷ್ಟಿ ಮುಚ್ಚುವುದು. ‘ಹೊಡಿ ಅವನಿಗೆ’ ಎಂದು ಅದರ ಅರ್ಥ. ಆಗ ಬಹಳ ಬುದ್ಧಿವಂತಿಕೆ ಅಂದುಕೊಂಡಿದ್ದೆ. ಕ್ಯಾಚರನ ಮುಖವಾಡ ಬಿಚ್ಚಿಟ್ಟು ಆಟ ಬಿಟ್ಟ ದಿನ ಮುಂದಿನ ಕ್ಯಾಚರನಿಗೆ ಅದನ್ನೂ ಕೊಟ್ಟು ಬಂದೆ. ಅವನು ತನ್ನ ಮುಂದಿನವನಿಗೆ ಕೊಟ್ಟ.

ಎಲಾದಿಯೊ ಎಂಬವನು ಬೋಕಾ ಮಾನ್ಸಾ ಎಂಬ ಬಂದರೂರಿನ ತಂಡದ ಬ್ಯಾಟರ್ ಆಗಿದ್ದ. ಇಪ್ಪತ್ತಮೂರು ವರ್ಷದ ಹಿಂದೆ, ಇಂಥದೇ ಬೂದಿಯ ಭಾನುವಾರ, ಒಲೆಗಾರಿಯೊನ ಚೆಂಡನ್ನು ಗೋಡೆಯಾಚೆ ಹೊಡೆದು, ದೇವರ ಮೂರ್ತಿ ಹೊತ್ತ ಮೆರವಣಿಗೆಯವರ ಹಾಗೆ ನಿಧಾನವಾಗಿ ನಾಲ್ಕೂ ಬೇಸ್ ಸುತ್ತಿ ಬಂದ. ಪ್ಲೇಟು ತುಳಿಯುವಾಗ ನನ್ನ ಕಡೆ ನೋಡಿ ಕಣ್ಣು ಹೊಡೆದ. ನನಗೆ ಮೈಯೆಲ್ಲ ಉರಿದುಹೋಯಿತು. ಅವನು ಮತ್ತೆ ಬ್ಯಾಟು ಹಿಡಿದು ಬಂದಾಗ ನಾನು ಹೆಬ್ಬೆರಳು ತಟ್ಟಿದೆ. ಒಲೆಗಾರಿಯೊ ತಲೆ ಅಲ್ಲಾಡಿಸಿ ಒಲ್ಲೆನೆಂದ. ಮತ್ತೆ ತಟ್ಟಿದೆ. ಮತ್ತೆ ಒಲ್ಲೆನೆಂದ. ಮೂರನೇ ಸಲ ತಟ್ಟಿದೆ. ಅವನು ಒಪ್ಪಿ ತಲೆ ಬಾಗಿಸಿದ.

ಬೆನ್ನಿಗೆ ಬೀಳಬೇಕಾಗಿದ್ದ ಚೆಂಡು ಎಲಾದಿಯೊನ ಎಡಗಣ್ಣಿಗೆ ಬಿತ್ತು. ಎಲ್ಲರೂ ಹಿಂದೆ ಸರಿಯುವ ಕಡೆ ಅವನು ಯಾಕೋ ಮುಂದೆ ವಾಲಿದ್ದ. ಆ ಕಣ್ಣು ಹೋಯಿತು. ಲೀಗಿನ ಹಿರಿಯರು ಹುಣಸೆಮರದಡಿ ಸೇರಿ ವಿಚಾರಣೆ ಮಾಡಿದರು. “ಬೇಕೂಂತ ಹೊಡೆದ್ಯಾ?” ಎಂದು ಒಲೆಗಾರಿಯೊನನ್ನು ಕೇಳಿದರು. “ಚೆಂಡು ನನ್ನ ಕೈಯಿಂದ್ಲೇ ಹೋಯ್ತು,” ಅಂದ. ಅಷ್ಟೇ. ಪಿಚರ್ ಮತ್ತು ಕ್ಯಾಚರ್ ನಡುವಿನ ಮಾತು ಮೂರನೆಯವರಿಗೆ ಹೋಗಬಾರದು ಎಂಬುದು ಅವನ ನಿಯತ್ತು. ಆಮೇಲೆ ನನ್ನ ಕಡೆ ತಿರುಗಿ, “ನೀನೇನು ಸನ್ನೆ ಮಾಡಿದ್ದೆ?” ಎಂದರು. ಮುಖವಾಡ ತೊಡೆಯ ಮೇಲಿಟ್ಟುಕೊಂಡು, ಎಲ್ಲರ ಮುಂದೆ, “ತಿರುಗೋ ಚೆಂಡು ಕೇಳಿದ್ದೆ,” ಎಂದು ಹೇಳಿದೆ. ಒಲೆಗಾರಿಯೊ ನನ್ನನ್ನು ಒಂದು ಸಲ ನೋಡಿ ನೆಲ ನೋಡಿದ. ಅಂದಿನಿಂದ ದಾರಿಯಲ್ಲಿ ಸಿಕ್ಕಿದರೆ ಟೋಪಿ ಮುಟ್ಟುತ್ತಿದ್ದ. ಕಂಪಾದ್ರೆ ಎಂದು ಕರೆಯುತ್ತಿರಲಿಲ್ಲ.

ಅಂಪೈರ್ ಆದ ಮೇಲೆ ಈ ಮೈದಾನದಲ್ಲಿ ಬೇರೆ ತಂಡಗಳ ಪಂದ್ಯಕ್ಕೆ ನಿಲ್ಲುತ್ತಿದ್ದೆ, ಸಾಂತಾ ಉರ್ಸುಲಾ ಆಡುವ ಪಂದ್ಯಕ್ಕೆ ನನ್ನನ್ನು ಹಾಕುತ್ತಿರಲಿಲ್ಲ. ತಾನು ಹಿಂದೆ ಆಡಿದ ತಂಡಕ್ಕೆ ಯಾರೂ ಅಂಪೈರ್ ಆಗಬಾರದೆಂದು ಲೀಗಿನ ಪದ್ಧತಿ. ಮೊನ್ನೆಯ ಭಾನುವಾರ ಮಾತ್ರ, ನಿಗದಿಯಾದ ಅಂಪೈರ್ ಏಡಿ ತಿಂದು ಹೊಟ್ಟೆ ಕೆಡಿಸಿಕೊಂಡು ಮಲಗಿಬಿಟ್ಟ. ಬೋಕಾ ಮಾನ್ಸಾದವರು ಅದಾಗಲೇ ಲಾರಿಯಿಂದ ಇಳಿದಿದ್ದರು.

“ದೋನ್ ಲಿಬ್ರಾದೊ ಇದ್ದಾರಲ್ಲ,” ಎಂದರು ಬೋಕಾದವರೇ. “ಅವ್ರಷ್ಟು ಸಾಚಾ ಮನುಷ್ಯ ಇನ್ಯಾರಿದ್ದಾರೆ?”

“ಪಿಚರ್ ನನ್ನ ಜ್ಞಾನಪುತ್ರ ಕಣ್ರಪ್ಪ,” ಎಂದೆ.

“ಯಾರಿಗೂ ಕಂಪಾದ್ರೆ ಅಲ್ಲದ ಅಂಪೈರ್ ಬೇಕೂಂದ್ರೆ ಸಮುದ್ರದಿಂದ ಹಿಡ್ಕೊಂಡ್ ಬರ್ಬೇಕು. ಹಾಕ್ಕೊಳ್ಳಿ ಮುಖವಾಡ!” ಎಂದು ನಕ್ಕರು.

ಆಟ ಶುರುವಾಗುವ ಮೊದಲು ನೆಫ್ತಾಲಿ ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. “ಆಶೀರ್ವಾದ ಮಾಡಿ, ಪದ್ರೀನೊ.”

“ದೇವ್ರು ಕಾಪಾಡ್ಲಿ ಮಗಾ. ಆದ್ರೆ ಇವತ್ತು ನಾನು ನಿನ್ನ ಪದ್ರೀನೊ ಅಲ್ಲ. ನಡಿ, ನಡಿ.”

ಅವನು ನಗುತ್ತ ದಿಬ್ಬ ಹತ್ತಿದ. ಮಾರನೆಯ ದಿನ ರಾಜಧಾನಿಯ ದೊಡ್ಡ ತಂಡವೊಂದು ಅವನ ಎಸೆತ ನೋಡಲು ಬರಹೇಳಿತ್ತು. ತಾಯಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದಾಳೆಂದು ಊರಿಗೆಲ್ಲ ಗೊತ್ತಿತ್ತು. ಅವನು ಚೆಂಡನ್ನು ಎದೆಯ ಹತ್ತಿರ ಹಿಡಿದು ಎರಡು ಅಂಗೈಗಳ ನಡುವೆ ಉಜ್ಜಿದ. ಅಪ್ಪನೂ ಹಾಗೇ ಉಜ್ಜುತ್ತಿದ್ದ. ಗೋಡೆಯಾಚೆ ಬಂಡಿಯ ಮೇಲೆ ಹುಲ್ಲಿನ ಟೋಪಿ ಕಂಡಿತು. ಕಾಕಂಬಿಯ ವಾಸನೆ, ಬಿಸಿಲು, ಮೆಲ್ಲಗೆ ಇಳಿಯುವ ಬೂದಿ. ನನಗೆ ಅರ್ಧ ನಿದ್ದೆ ಅರ್ಧ ಎಚ್ಚರದಂಥ ಮಂಪರು. ಚೆಂಡು ಎಷ್ಟು ವೇಗವಾಗಿ ಬಂದರೂ ನಿಧಾನವಾಗಿಯೇ ಕಾಣುತ್ತಿತ್ತು. ಆದರೂ ಒಂದು ತೀರ್ಪೂ ತಪ್ಪಲಿಲ್ಲ. ನನ್ನ ಬೆನ್ನ ಹಿಂದೆ, ತಂತಿಬಲೆಗೆ ಒತ್ತಿಕೊಂಡು ಎಲಾದಿಯೊ ಕೂತಿದ್ದ. ಬೋಕಾದ ಲಾರಿಯಲ್ಲಿ ಅವನು ಯಾವಾಗಲೂ ಬರುತ್ತಾನೆ. ಕಡಲೆಕಾಯಿ ಬಿಡಿಸುವ ಸದ್ದು ನನ್ನ ಕಿವಿಗೆ ಬೀಳುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ನನಗೆ ಒಂದು ಬಗೆಯ ಅಳುಕು.

ಆರನೇ ಇನ್ನಿಂಗ್ಸಿನಲ್ಲಿ ಬೋಕಾದ ಪಿಚರ್ ನಮ್ಮ ಊರಿನ ವಿಲ್ಕಿನ್‌ನ ಪಕ್ಕೆಗೆ ಹೊಡೆದ. ವಿಲ್ಕಿನ್ ಸಾಂತಾ ಉರ್ಸುಲಾದ ಕ್ಯಾಚರ್, ಕಲ್ಲುಕಂಬದಂಥ ಆಳು. ಧಪ್ಪೆಂಬ ಸದ್ದು ಗೋಡೆಯ ತನಕ ಕೇಳಿತು. ವಿಲ್ಕಿನ್ ಬಿದ್ದು ಎದ್ದ, ಬ್ಯಾಟನ್ನು ಜೋಪಾನವಾಗಿ ನೆಲಕ್ಕಿಟ್ಟ, ಪೆಟ್ಟು ತಿಂದವನಿಗೆ ಸಲ್ಲುವ ಮೊದಲನೇ ಬೇಸಿಗೆ ನಡೆದುಕೊಂಡೇ ಹೋದ. ಪೆಟ್ಟು ಬಿದ್ದ ಜಾಗ ಉಜ್ಜಿಕೊಳ್ಳಲಿಲ್ಲ. ನಮ್ಮಲ್ಲಿ ಉಜ್ಜಿಕೊಳ್ಳಬಾರದು. ಉಜ್ಜಿಕೊಂಡರೆ ಹೊಡೆದವನು ಗೆದ್ದ ಹಾಗೆ.

ನಾನು ಮುಂದೆ ಬಂದು ಬೋಕಾದ ಕಡೆ ಒಂದು ಸಲ, ಸಾಂತಾ ಉರ್ಸುಲಾದ ಕಡೆ ಒಂದು ಸಲ ಬೆರಳು ತೋರಿಸಿದೆ.

ಸಾಂತಾ ಉರ್ಸುಲಾದ ಮ್ಯಾನೇಜರ್ ಬಾಲ್ಬಿನೊ ಹೊಟ್ಟೆ ಕುಣಿಸುತ್ತ ಓಡಿಬಂದ. “ಹೊಡೆದಿದ್ದು ಅವ್ರು! ನಮಗ್ಯಾಕೋ ಬೆರಳು?”

“ನಿನ್ನ ಮುಖ ನೋಡಿದ್ನಲ್ಲ, ಅದಕ್ಕೆ.”

“ನನ್ನ ಮುಖಕ್ಕೇನಾಗಿದೆ?”

“ಮನೇಗ್ ಹೋಗಿ ಕನ್ನಡೀಲಿ ನೋಡ್ಕೊ. ಈಗ ಹೋಗಿ ಕೂತ್ಕೊ.”

ಜನ ನಕ್ಕರು. ಬಾಲ್ಬಿನೊ ಗೊಣಗಿಕೊಂಡು ಹೋಗಿ ಕೂತ. ಆದರೆ ಅವನು ಹೋಗುವಾಗ ವಿಲ್ಕಿನ್‌ನ ಕಡೆ ನೋಡಿದ್ದು, ವಿಲ್ಕಿನ್ ಗದ್ದ ಕೆಳಗಿಳಿಸಿದ್ದು ನನಗೆ ಕಂಡಿತು.

ಏಳನೇ ಇನ್ನಿಂಗ್ಸ್. ಬೋಕಾದ ಬ್ಯಾಟರ್ ದಾಲ್ಮಿರೊ ಬಂದು ನಿಂತ. ಸಣಕಲ ಹುಡುಗ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು, ಬೋಕಾದ ಕಣ್ಮಣಿ. ನಮ್ಮವನ ಪಕ್ಕೆಗೆ ಪೆಟ್ಟಾದರೆ ಅವರ ಕಣ್ಮಣಿಯ ಮೇಲೆಯೇ ಮುಯ್ಯಿ ತೀರಿಸುವುದು ವಾಡಿಕೆ. ಅದು ಹುಡುಗನಿಗೂ ಗೊತ್ತಿತ್ತು. ಹೆಲ್ಮೆಟ್ಟಿನ ಕೆಳಗೆ ಅವನ ಕುತ್ತಿಗೆಯ ನರ ಹಾರುತ್ತಿತ್ತು. ವಿಲ್ಕಿನ್ ನನ್ನ ಮುಂದೆ ಕುಕ್ಕರಿಸಿದ. ಉಸಿರೆಳೆದಾಗಲೆಲ್ಲ ಪಕ್ಕೆ ನೋವಿಗೆ ಸಣ್ಣಗೆ ನರಳುತ್ತಿದ್ದ.

ಕ್ಯಾಚರನ ಬೆರಳು ಅಂಪೈರನಿಗೆ ಕಾಣುವುದಿಲ್ಲ. ಅವನ ಹಿಂದೆ ಬಗ್ಗಿ ನಿಂತವನಿಗೆ ಕಾಣುವುದು ಭುಜ ಮತ್ತು ಮೊಣಕೈ. ಬೆರಳಿನ ಸನ್ನೆಗೆ ಮೊಣಕೈ ಕದಲುವುದಿಲ್ಲ. ಹೆಬ್ಬೆರಳಿನಿಂದ ತೊಡೆ ತಟ್ಟಬೇಕಾದರೆ ಮಾತ್ರ ಮೊಣಕೈ ಹೊರಗೆ ಬಾಗಿ, ಎರಡು ಸಲ ಕುಲುಕಿ, ಮುಷ್ಟಿ ಮುಚ್ಚಿದಾಗ ಇಳಿಯುತ್ತದೆ. ವಿಲ್ಕಿನ್‌ನ ಮೊಣಕೈ ಹೊರಗೆ ಬಾಗಿತು. ಎರಡು ಸಲ ಕುಲುಕಿತು. ಇಳಿಯಿತು.

ಅದು ನನ್ನ ಮೊಣಕೈ. ನಾನು ನನ್ನ ಹಿಂದೆಯೇ ನಿಂತು ನನ್ನನ್ನೇ ನೋಡುತ್ತಿದ್ದೆ. ದಿಬ್ಬದ ಮೇಲಿದ್ದವನು ಒಲೆಗಾರಿಯೊನೋ ನೆಫ್ತಾಲಿಯೋ ತಿಳಿಯದಾಯಿತು. ಅದೇ ಅಂಗೈ, ಅದೇ ಉಜ್ಜುವಿಕೆ, ಭುಜದ ಮೇಲೆ ಅದೇ ಬೂದಿ. ಅವನು ತಲೆ ಅಲ್ಲಾಡಿಸಿ ಒಲ್ಲೆನೆಂದ. ಜನರ ಗದ್ದಲ ದೂರದ ಅಲೆಗಳ ಹಾಗೆ ಕೇಳುತ್ತಿತ್ತು. ಮೊಣಕೈ ಮತ್ತೆ ಬಾಗಿ ಕುಲುಕಿತು. ಅವನು ಮತ್ತೆ ಒಲ್ಲೆನೆಂದ. ಹಿಂದೆ ಕಡಲೆಕಾಯಿ ಬಿಡಿಸುವ ಸದ್ದು ನಿಂತುಹೋಯಿತು. ಒಂದು ಬೂದಿಯ ಎಳೆ ಪ್ಲೇಟಿನ ಮಧ್ಯಕ್ಕೆ ಇಳಿಯುತ್ತಿತ್ತು. ಅದು ನೆಲ ಮುಟ್ಟುವುದರೊಳಗೆ ಮೂರನೇ ಸಲ ಮೊಣಕೈ ಬಾಗಿತು. ದಿಬ್ಬದ ಮೇಲೆ ಗದ್ದ ಕೆಳಗಿಳಿಯಲು ಹೊರಟಿತು.

“ಟೈಂ!” ಎಂದು ಕೂಗಿ ಆಟ ನಿಲ್ಲಿಸಿದೆ. ಎರಡೂ ಕೈ ಮೇಲೆತ್ತಿದ್ದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಮುಖವಾಡ ತೆಗೆದೆ. “ವಿಲ್ಕಿನ್, ನೀನು ಹೊರಗೆ. ಬಾಲ್ಬಿನೊ, ನೀನೂ.”

ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ಬಾಲ್ಬಿನೊ ಬಂದು ನನ್ನ ಮೂಗಿಗೆ ಮೂಗು ತಾಗಿಸಿ ನಿಂತ. “ಚೆಂಡೇ ಎಸೆದಿಲ್ವಲ್ಲೋ! ಯಾರಿಗ್ ತಗಲ್ತು? ಬೂದಿಗಾ? ಅದೂ ಕ್ಯಾಚರ್‌ನ ಹೊರಗ್ ಹಾಕೋದು ಯಾವೂರ ಕಾನೂನು? ಬಿಸ್ಲು ತಲೆಗೆ ಏರಿದ್ಯಾ ನಿಂಗೆ?”

“ಇವ್ನು ಹೊಡೀ ಅಂತ ಸನ್ನೆ ಮಾಡ್ದ. ಮೂರು ಸಲ ಮಾಡ್ದ.”

“ನಿಂಗೆ ಹೇಗ್ ಗೊತ್ತು? ಬೆರಳು ಕಂಡ್ಯಾ?”

“ಬೆರಳು ಕಾಣ್ಲಿಲ್ಲ. ಮೊಣಕೈ ಕಾಣ್ತು.”

“ಮೊಣಕೈ!” ಬಾಲ್ಬಿನೊ ಜನರ ಕಡೆ ತಿರುಗಿದ. “ಕೇಳಿದ್ರೇನ್ರಪ್ಪಾ, ಅಂಪೈರ್ ಸಾಹೇಬ್ರು ಮೊಣಕೈ ಶಾಸ್ತ್ರ ಹೇಳ್ತಾರೆ! ಮೊಣಕೈ ನೋಡಿ ಮದುವೆ ಯಾವಾಗ ಅಂತಾನೂ ಹೇಳ್ತಾರಂತೆ!”

ಜನ ಗೊಳ್ಳೆಂದರು. ಅವರ ನಗುವಿನಲ್ಲಿ ಸೇರಿ ನಾನೂ ನಕ್ಕು, ಬ್ರಷ್ ತೆಗೆದು ಪ್ಲೇಟು ಗುಡಿಸಿ, ಆಟ ಮುಂದುವರಿಸಬಹುದಿತ್ತು. ಹಾಗೆ ಮಾಡಿದ್ದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಆ ಆಸೆ ಬಂದದ್ದು ನಿಜ. ಆದರೆ ದಿಬ್ಬದ ಮೇಲೆ ನೆಫ್ತಾಲಿ ಚೆಂಡನ್ನು ಎದೆಗೊತ್ತಿಕೊಂಡು, ನೆನೆದ ಕೋಳಿಯ ಹಾಗೆ ನಿಂತಿದ್ದ. ಅವನ ಹಿಂದೆ, ಗೋಡೆಯಾಚೆ, ಬಂಡಿಯ ಮೇಲೆ ಅವನಪ್ಪ ಎದ್ದು ನಿಂತಿದ್ದ. ಇಪ್ಪತ್ತಮೂರು ವರ್ಷದಲ್ಲಿ ಅವನು ಅಲ್ಲಿ ಎದ್ದು ನಿಂತದ್ದನ್ನು ನಾನು ಕಂಡಿರಲಿಲ್ಲ.

“ಹೆಬ್ಬೆರಳಲ್ಲಿ ತೊಡೆಗೆ ಎರಡು ಸಲ ತಟ್ಟಿ ಮುಷ್ಟಿ ಮುಚ್ಚೋದು,” ಎಂದೆ. “ಹೌದೋ ಅಲ್ವೋ, ವಿಲ್ಕಿನ್?”

ವಿಲ್ಕಿನ್ ಬಲಗೈಯನ್ನು ಬೆನ್ನ ಹಿಂದೆ ಸರಿಸಿಕೊಂಡ.

“ಅದನ್ನ ಕಟ್ಟಿದವನು ನಾನು. ಎಲಾದಿಯೊಗೆ ಹೊಡೀ ಅಂತ ಒಲೆಗಾರಿಯೊಗೆ ಸನ್ನೆ ಮಾಡ್ದೋನೂ ನಾನೇ. ಅವನು ಎರಡು ಸಲ ಒಲ್ಲೆ ಅಂದ. ನಾನು ಬಿಡ್ಲಿಲ್ಲ. ಹುಣಸೆಮರದ ಕೆಳಗೆ ನಾನು ಹೇಳಿದ್ದು ಸುಳ್ಳು.”

ಯಾರೂ ನಗಲಿಲ್ಲ. ಬಾಣಲೆಯಲ್ಲಿ ಎಣ್ಣೆ ಚುರುಗುಟ್ಟುವುದೊಂದೇ ಕೇಳುತ್ತಿತ್ತು. ನಾನು ತಂತಿಬಲೆಯ ಕಡೆ ತಿರುಗಿದೆ. ಎಲಾದಿಯೊ ಒಂದೇ ಕಣ್ಣಿನಲ್ಲಿ ನನ್ನನ್ನು ನೋಡುತ್ತಿದ್ದ. ಉಗಿಯುತ್ತಾನೆ ಅಂದುಕೊಂಡೆ. ಉಗಿದಿದ್ದರೆ ಹಗುರವಾಗುತ್ತಿತ್ತು.

“ನಂಗೊತ್ತು,” ಎಂದ ಅವನು.

“ಏನು ಗೊತ್ತು?”

“ನಿನ್ನ ಹೆಬ್ಬೆರಳು. ನಾನು ನೋಡ್ದೆ.” ಬಲೆಯ ತಂತಿಯನ್ನು ಬೆರಳಲ್ಲಿ ಹಿಡಿದುಕೊಂಡ. “ಕೆಳಗೆ ಕಣ್ಣು ಹಾಯಿಸಿ ನೋಡ್ದೆ ಕಣೋ. ಅವತ್ತು ಎಲ್ಲಾ ಚೆಂಡಿಗೂ ನೋಡ್ತಿದ್ದೆ. ಗೋಡೆ ದಾಟಿಸಿದ್ದೂ ಹಾಗೇ.”

ಬೋಕಾದವರ ಕಡೆಯಿಂದ ಯಾರೋ “ಛೀ” ಎಂದದ್ದು ಕೇಳಿಸಿತು. ಕ್ಯಾಚರನ ಸನ್ನೆ ಇಣುಕಿ ನೋಡುವ ಬ್ಯಾಟರ್ ಎಂದರೆ ನಮ್ಮಲ್ಲಿ ಕಳ್ಳನಿಗಿಂತ ಕಡೆ. ಕಳ್ಳನಿಗೆ ಹೆಣ್ಣು ಕೊಡುವವರು ಇದ್ದಾರೆ, ಇಣುಕುವವನಿಗೆ ಇಲ್ಲ.

“ಹೆಬ್ಬೆರಳು ಅಂದ್ರೆ ಆಚೆಗೆ ತಿರುಗೋ ಚೆಂಡು ಅಂದ್ಕೊಂಡೆ,” ಎಂದ ಎಲಾದಿಯೊ. “ಹೊಡ್ಯೋಣಾಂತ ಮುಂದಕ್ಕೆ ವಾಲ್ದೆ. ಮರದ ಕೆಳಗೆ ನೀನು ಸುಳ್ಳು ಹೇಳ್ದಾಗ ನಾನೂ ಅಲ್ಲೇ ಇದ್ದೆ, ಕಣ್ಣಿಗೆ ಬಟ್ಟೆ ಕಟ್ಕೊಂಡು. ಸುಳ್ಳು ಅಂತ ಹೇಳ್ಬೋದಿತ್ತು. ಹೇಳಿದ್ರೆ ನಿಂಗೆ ಹೇಗ್ ಗೊತ್ತು ಅಂತ ಕೇಳ್ತಿದ್ರಲ್ಲ.”

ಅವನ ಒಂದೇ ಕಣ್ಣಿನಲ್ಲಿ ನೀರು ಬಂತು. ನಾವಿಬ್ಬರೂ ನಮ್ಮ ನಮ್ಮ ಮಾನ ಉಳಿಸಿಕೊಳ್ಳಲು ಒಬ್ಬ ಮನುಷ್ಯನನ್ನು ಇಪ್ಪತ್ತಮೂರು ವರ್ಷ ಕಬ್ಬಿನ ಬಂಡಿಯ ಮೇಲೆ ಕೂರಿಸಿದ್ದೆವು. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ನಾನು ತಿರುಗಿ ಬೇಸ್ ಅಂಪೈರ್ ಮರೀನೊನನ್ನು ಕರೆದು ಬ್ರಷ್ಷು, ಮುಖವಾಡ ಎರಡನ್ನೂ ಅವನ ಕೈಗೆ ಕೊಟ್ಟೆ.

“ಏನ್ ದೋನ್ ಲಿಬ್ರಾದೊ ಇದು?”

“ಇನ್ನೊಬ್ಬನ್ನ ಹೊರಗ್ ಹಾಕೋದಿದೆ,” ಎಂದು ನನ್ನ ಎದೆಗೆ ನಾನೇ ಬೆರಳು ತೋರಿಸಿಕೊಂಡೆ. “ಪಿಚರ್ ಎಸೆದಿಲ್ಲ. ಅವನ ಮೇಲೆ ಏನೂ ಇಲ್ಲ. ಆಟ ನಡೀಲಿ.”

ದಿಬ್ಬದ ಪಕ್ಕ ಹಾಯುವಾಗ ನೆಫ್ತಾಲಿ ಏನೋ ಹೇಳಲು ಬಂದ. “ಪದ್ರೀನೊ, ನಾನು ಮೂರನೇ ಸಲ…”

“ಏನೂ ಹೇಳ್ಬೇಡ ಮಗಾ. ತೋಳು ತಣ್ಣಗಾಗುತ್ತೆ, ಎಸಿ.”

ಬಲಗಡೆಯ ಗೋಡೆಯಲ್ಲಿ ಚೆಂಡು ಹೆಕ್ಕುವವರಿಗೆಂದು ಒಂದು ಸಣ್ಣ ಬಾಗಿಲಿದೆ. ಅಷ್ಟು ದೂರ ನಡೆಯಲು ನನಗೆ ಒಂದು ಆಯಸ್ಸೇ ಹಿಡಿದ ಹಾಗಾಯಿತು. ಹುಲ್ಲಿನ ಮೇಲೆ ಬೂದಿ ಬಿದ್ದಿತ್ತು, ಕಾಲ ಕೆಳಗೆ ಸದ್ದೇ ಇರಲಿಲ್ಲ. ಬಾಗಿಲು ದಾಟಿ, ಹಳಿಯ ಜಲ್ಲಿಯ ಮೇಲೆ ನಡೆದು, ಬಂಡಿಯ ಕಂಬಿ ಹಿಡಿದು ಹತ್ತಿದೆ. ಒಲೆಗಾರಿಯೊ ಮತ್ತೆ ಕೂತಿದ್ದ. ನನ್ನ ಕಡೆ ನೋಡಲಿಲ್ಲ. ಗೋಡೆಯಾಚೆ ಹೇಳಿದ್ದೆಲ್ಲ ಅವನಿಗೆ ಮುಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. ಮುಟ್ಟಿರಬೇಕು, ರೇಡಿಯೊ ಆರಿಸಿದ್ದ. ಅದನ್ನು ಎತ್ತಿ ಆ ಕಡೆಗಿಟ್ಟ. ನಾನು ಕೂತೆ.

ಅಲ್ಲಿಂದ ಮೈದಾನ ಚಿಕ್ಕದಾಗಿ, ಹಸುರಾಗಿ, ಯಾರದೋ ಕನಸಿನಂತೆ ಕಾಣುತ್ತಿತ್ತು. ಬದಲಿ ಕ್ಯಾಚರ್ ಬಂದು ಕೂತ. ನೆಫ್ತಾಲಿ ಮೂರು ಚೆಂಡು ಎಸೆದ. ಮೂರೂ ಪ್ಲೇಟಿನ ನಡುವೆ. ದಾಲ್ಮಿರೊ ಮೂರಕ್ಕೂ ಬೀಸಿ, ಒಂದೂ ತಾಗದೆ, ನಗುತ್ತಲೇ ಹಿಂದಿರುಗಿದ. ಮೈ ನೋಯದೆ ಔಟಾದ ಸಂತೋಷ ಅಷ್ಟು ದೂರದಿಂದಲೂ ಕಾಣುತ್ತಿತ್ತು.

“ಇಲ್ಲಿಂದ ಚೆಂಡು ಕಾಣುತ್ತೆ,” ಎಂದ ಒಲೆಗಾರಿಯೊ. “ಕ್ಯಾಚರ್ ಕೈ ಕಾಣಲ್ಲ.”

“ಹೂಂ.”

“ಮಗ ಎಷ್ಟು ಸಲ ತಲೆ ಅಲ್ಲಾಡಿಸ್ದ?”

“ಎರಡು ಸಲ.”

“ಮೂರನೇ ಸಲ?”

“ಮೂರನೇ ಸಲ ನಾನು ಟೈಂ ಕೂಗಿದೆ.”

ಅವನು ಟೋಪಿ ತೆಗೆದು ಅದರ ಮೇಲಿನ ಬೂದಿಯನ್ನು ಉಫ್ ಎಂದು ಊದಿದ. ಗೋಡೆಯಾಚೆ ಅವನ ಮಗ ಇನ್ನೊಂದು ಚೆಂಡನ್ನು ಅಂಗೈಗಳ ನಡುವೆ ಉಜ್ಜುತ್ತಿದ್ದ.

“ನಾನೂ ಎರಡು ಸಲ ಅಲ್ಲಾಡಿಸಿದ್ದೆ, ಕಂಪಾದ್ರೆ,” ಎಂದ. “ನಂಗೆ ಯಾರೂ ಟೈಂ ಕೂಗ್ಲಿಲ್ಲ.”

ನಾನು ಅತ್ತುಬಿಟ್ಟೆ. ಅವನು ಸುಮ್ಮನಿರು ಎನ್ನಲಿಲ್ಲ, ಎದ್ದು ಹೋಗು ಎಂದೂ ಅನ್ನಲಿಲ್ಲ. ಆಟ ಮುಗಿಯುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು.